ಹವಾಮಾನಾಧೀನ ಸೇವೆಯ ಬೆಲೆ ನಿರ್ಧಾರ: ಸ್ಕಾಟ್ಲೆಂಡಿನ ಸಮುದ್ರ ಸ್ತಂಭಗಳ ಆರೋಹಣ – ಒಂದು ಅಧ್ಯಯನ

ಜವಳಿ ವ್ಯಾಪಾರಿಯ ಥಾನು ಇಂದು ಮಾರಾಟವಾಗದಿದ್ದರೆ ನಾಳೆ ಮಾರಾಟವಾಗಬಹುದು. ಸೇವಾ ಉದ್ಯಮದಲ್ಲಿ ಈ ಅನುಕೂಲವಿಲ್ಲ. ಮಳೆಗಾಳಿಯಿಂದ ಕೈತಪ್ಪಿದ ಒಂದು ದಿನವನ್ನು ದಾಸ್ತಾನಿನಲ್ಲಿ ಇಡಲು ಬರುವುದಿಲ್ಲ. ಅದು ಹೋದದ್ದು ಹೋದಂತೆಯೇ. ಹೀಗಿದ್ದೂ ಅನೇಕ ಸಣ್ಣ ಉದ್ಯಮಿಗಳು ವರ್ಷದ ಎಲ್ಲ ದಿನಗಳೂ ಕೈಗೆ ಸಿಗುತ್ತವೆ ಎಂಬ ಭರವಸೆಯ ಮೇಲೆ ದರವನ್ನು ನಿಗದಿ ಮಾಡುತ್ತಾರೆ. ಈ ತಪ್ಪಿನ ಪರಿಣಾಮವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವ ಉದ್ಯಮವೊಂದು ಸ್ಕಾಟ್ಲೆಂಡಿನ ದೂರದ ಕಡಲತೀರಗಳಲ್ಲಿದೆ. ಸಮುದ್ರದ ನಡುವೆ ಒಂಟಿಯಾಗಿ ನಿಂತ ಕಲ್ಲಿನ ಕಂಬಗಳ ಮೇಲೆ ಗ್ರಾಹಕರನ್ನು ಹಗ್ಗ ಕಟ್ಟಿ ಹತ್ತಿಸಿ, ಸುರಕ್ಷಿತವಾಗಿ ಇಳಿಸಿ ತರುವ ಮಾರ್ಗದರ್ಶಿ ಸೇವೆಯೇ ಆ ಉದ್ಯಮ. ಅಲ್ಲಿ ಲೆಕ್ಕ ತಪ್ಪಿದರೆ ನಷ್ಟವಾಗುವುದು ಹಣ ಮಾತ್ರವಲ್ಲ.

ಸಮುದ್ರ ಸ್ತಂಭ ಎಂದರೇನು?

ಕಡಲ ಅಲೆಗಳು ತೀರದ ಬಂಡೆಯನ್ನು ಬಿರುಕುಗಳ ಉದ್ದಕ್ಕೂ ಕೊರೆದು ಮೊದಲು ಗುಹೆಯನ್ನು, ಬಳಿಕ ಕಮಾನನ್ನು ರೂಪಿಸುತ್ತವೆ. ಕಮಾನು ಕುಸಿದ ಮೇಲೆ ಹೊರಗಡೆ ಉಳಿಯುವ ಕಂಬವೇ ಸಮುದ್ರ ಸ್ತಂಭ. ಆರ್ಕ್ನಿ ದ್ವೀಪಸಮೂಹದ ಹಾಯ್ ದ್ವೀಪದಲ್ಲಿರುವ ‘ಓಲ್ಡ್ ಮ್ಯಾನ್ ಆಫ್ ಹಾಯ್’ ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಲಾವಾ ಶಿಲೆಯ ಪೀಠದ ಮೇಲೆ ನಿಂತಿರುವ ಈ ಕೆಂಪು ಮರಳುಗಲ್ಲಿನ ಕಂಬದ ಎತ್ತರ 137 ಮೀಟರ್, ಅಂದರೆ ಸುಮಾರು 450 ಅಡಿ.

ಇದನ್ನು ಮೊದಲ ಬಾರಿಗೆ 1966ರಲ್ಲಿ ಕ್ರಿಸ್ ಬಾನಿಂಗ್ಟನ್, ರಸ್ಟಿ ಬೇಲಿ ಮತ್ತು ಟಾಮ್ ಪೇಟಿ ಏರಿದರು. 1967ರ ಜುಲೈ ತಿಂಗಳಿನಲ್ಲಿ ಬಿ.ಬಿ.ಸಿ. ದೂರದರ್ಶನವು ಇದರ ಆರೋಹಣವನ್ನು ನೇರವಾಗಿ ಪ್ರಸಾರ ಮಾಡಿತು. ಸುಮಾರು ಒಂದೂವರೆ ಕೋಟಿ ಜನ ಅದನ್ನು ವೀಕ್ಷಿಸಿದರೆಂದು ಅಂದಾಜು. ನಿಪುಣರ ಸಾಹಸವಾಗಿದ್ದುದು ಕ್ರಮೇಣ ಸಾಮಾನ್ಯ ಹವ್ಯಾಸಿಯೂ ಹಣ ಕೊಟ್ಟು ಪಡೆಯಬಹುದಾದ ಸೇವೆಯಾಯಿತು. ಬಾನಿಂಗ್ಟನ್ ಅವರೇ 2014ರಲ್ಲಿ, ತಮ್ಮ 80ನೆಯ ವಯಸ್ಸಿನಲ್ಲಿ, ಅದೇ ಸ್ತಂಭವನ್ನು ಮತ್ತೊಮ್ಮೆ ಏರಿದರು.

ಒಂದು ದಿನದ ಕೆಲಸ

ಈ ಸೇವೆಯ ವೆಚ್ಚವನ್ನು ತಿಳಿಯಲು ಕೆಲಸದ ಕ್ರಮವನ್ನು ಗಮನಿಸಬೇಕು. ಸ್ಕಾಟ್ಲೆಂಡಿನ ಮುಖ್ಯ ಭೂಭಾಗದಿಂದ ಹಡಗಿನಲ್ಲಿ ಸ್ಟ್ರಾಮ್ನೆಸ್‌ಗೆ ಬಂದು, ಅಲ್ಲಿಂದ ಸಣ್ಣ ದೋಣಿಯಲ್ಲಿ ಹಾಯ್ ದ್ವೀಪವನ್ನು ಸೇರಬೇಕು. ರ್‍ಯಾಕ್‌ವಿಕ್ ಎಂಬ ಹಳ್ಳಿಯಿಂದ ಹಗ್ಗ, ಕೊಕ್ಕೆಗಳ ಹೊರೆ ಹೊತ್ತು ಕಾಲುದಾರಿಯಲ್ಲಿ ನಡೆದು, ಕಡಿದಾದ ಇಳಿಜಾರಿನಲ್ಲಿ ಸ್ತಂಭದ ಬುಡಕ್ಕೆ ಇಳಿಯಬೇಕು. ಆರೋಹಣ ಆರಂಭವಾಗುವುದು ಇಷ್ಟೆಲ್ಲ ಆದ ಮೇಲೆ.

ಮಾರ್ಗದರ್ಶಿಯು ಮುಂದೆ ಹತ್ತಿ, ಮೇಲಿನಿಂದ ಹಗ್ಗವನ್ನು ಬಿಗಿಹಿಡಿದು ಗ್ರಾಹಕನನ್ನು ಬರಮಾಡಿಕೊಳ್ಳುತ್ತಾನೆ. ಒಬ್ಬ ಮಾರ್ಗದರ್ಶಿಯ ಹಿಂದೆ ಸಾಮಾನ್ಯವಾಗಿ ಒಬ್ಬರು ಅಥವಾ ಇಬ್ಬರು ಮಾತ್ರ ಇರುತ್ತಾರೆ. ಕಠಿಣವಾದ ಎರಡನೆಯ ಹಂತದಲ್ಲಿ ಬಂಡೆಯ ಪಕ್ಕಕ್ಕೆ ಸರಿದು ಹೊರಚಾಚಿದ ಬಿರುಕನ್ನು ಏರಬೇಕಾಗುತ್ತದೆ. ಇಳಿಯುವಾಗ ಈ ಭಾಗದಲ್ಲಿ ಹಗ್ಗವು ಬಂಡೆಯಿಂದ ದೂರವಾಗಿ ಗಾಳಿಯಲ್ಲಿ ತೂಗುತ್ತದೆ. ಆದುದರಿಂದ ಮರಳಲು ಅನುಕೂಲವಾಗುವಂತೆ ಹತ್ತುವಾಗಲೇ ಇಲ್ಲಿ ಒಂದು ಹಗ್ಗವನ್ನು ಬಿಟ್ಟುಬರುವ ಪದ್ಧತಿಯಿದೆ. ಗೂಡು ಕಟ್ಟಿದ ಫುಲ್ಮರ್ ಎಂಬ ಕಡಲಹಕ್ಕಿಗಳು ಸಮೀಪ ಬಂದವರ ಮೇಲೆ ದುರ್ವಾಸನೆಯ ಎಣ್ಣೆಯನ್ನು ಉಗುಳುವುದೂ ಉಂಟು.

ಮುಖ್ಯ ಭೂಭಾಗದ ವಾಯವ್ಯ ತೀರದಲ್ಲಿರುವ ‘ಓಲ್ಡ್ ಮ್ಯಾನ್ ಆಫ್ ಸ್ಟೋರ್’ ಸುಮಾರು 60 ಮೀಟರ್ ಎತ್ತರದ್ದು. ಅಲ್ಲಿ ಮೊದಲಿಗನು ತಣ್ಣೀರಿನ ಕಾಲುವೆಯನ್ನು ಈಜಿ ದಾಟಿ ಹಗ್ಗ ಕಟ್ಟಿದರೆ, ಉಳಿದವರು ಅದರಲ್ಲಿ ಜೋತುಬಿದ್ದು ದಾಟುತ್ತಾರೆ. ಸ್ಯಾಂಡ್‌ವುಡ್ ಕೊಲ್ಲಿಯ ಬಳಿಯ ‘ಆಮ್ ಬುಅಖಿಲ್’ ಸ್ತಂಭವನ್ನು ನೀರಿಳಿತದ ಕೆಲವೇ ಗಂಟೆಗಳೊಳಗೆ ಹತ್ತಿ ಮರಳಬೇಕು. ತಡವಾದರೆ ಹಿಂದಿರುಗುವ ದಾರಿಯನ್ನು ಉಬ್ಬರ ಮುಚ್ಚುತ್ತದೆ.

ಮಾರಾಟವಾಗುವುದು ಏನು?

ಮೇಲುನೋಟಕ್ಕೆ ಗ್ರಾಹಕನು ಕೊಳ್ಳುವುದು ಸ್ತಂಭದ ತುದಿಯನ್ನು. ವಾಸ್ತವವಾಗಿ ಅವನು ಕೊಳ್ಳುವುದು ಮಾರ್ಗದರ್ಶಿಯ ವಿವೇಚನೆಯನ್ನು. ಗಾಳಿಯ ದಿಕ್ಕು, ಅಲೆಯ ಎತ್ತರ, ಬಂಡೆಯ ತೇವ, ಗ್ರಾಹಕನ ಶಕ್ತಿ – ಇವನ್ನೆಲ್ಲ ತೂಗಿ ‘ಇಂದು ಬೇಡ’ ಎಂದು ಹೇಳುವ ಸಾಮರ್ಥ್ಯವೇ ಈ ಸೇವೆಯ ಸಾರ.

ಅನುಭವವಿದ್ದವರಿಗೂ ಅಪಾಯ ತಪ್ಪಿದ್ದಲ್ಲ. ಹಾಯ್ ಮತ್ತು ಸ್ಟೋರ್ ಎರಡೂ ಸ್ತಂಭಗಳ ಪ್ರಥಮ ಆರೋಹಣದಲ್ಲಿದ್ದ ಟಾಮ್ ಪೇಟಿ, ವೃತ್ತಿಯಿಂದ ವೈದ್ಯರು, 1970ರ ಮೇ ತಿಂಗಳಿನಲ್ಲಿ ‘ದಿ ಮೇಡನ್’ ಎಂಬ ಸಮುದ್ರ ಸ್ತಂಭದಿಂದ ಹಗ್ಗದಲ್ಲಿ ಇಳಿಯುತ್ತಿದ್ದಾಗ ಬಿದ್ದು ಮೃತಪಟ್ಟರು. ತುದಿ ಮುಟ್ಟಿದಾಗ ಕೆಲಸ ಮುಗಿಯಲಿಲ್ಲ, ಗ್ರಾಹಕನು ತೀರಕ್ಕೆ ಮರಳಿದಾಗಲೇ ಮುಗಿಯಿತು ಎಂಬುದು ಈ ವೃತ್ತಿಯ ಮೊದಲ ಪಾಠ.

‘ಇಂದು ಬೇಡ’ ಎನ್ನುವುದಕ್ಕೆ ವಿವೇಕವಷ್ಟೇ ಸಾಲದು, ಆರ್ಥಿಕ ಶಕ್ತಿಯೂ ಬೇಕು. ರದ್ದಾದ ದಿನದ ನಷ್ಟವನ್ನು ತಾಳಲಾರದವನು ಅನುಮಾನವಿದ್ದರೂ ಹೊರಡುವ ಒತ್ತಡಕ್ಕೆ ಸಿಲುಕುತ್ತಾನೆ. ಆದ್ದರಿಂದ ದರ ನಿಗದಿಯೂ ಸುರಕ್ಷತೆಯ ಒಂದು ಸಾಧನವೇ.

ಒಂದು ಉದಾಹರಣೆ

ಕೆಳಗಿನ ಅಂಕಿಗಳು ವಿವರಣೆಗಾಗಿ ಊಹಿಸಿದವು. ಮಾರ್ಗದರ್ಶಿಯೊಬ್ಬನ ವಾರ್ಷಿಕ ಸ್ಥಿರ ವೆಚ್ಚ (ವಿಮೆ, ತರಬೇತಿ, ಸಲಕರಣೆಗಳ ಸವಕಳಿ, ವಾಹನ, ಜೀವನ ನಿರ್ವಹಣೆ) ರೂ. 6,00,000. ಕೆಲಸ ನಡೆದ ಪ್ರತಿ ದಿನದ ಚರ ವೆಚ್ಚ ರೂ. 4,000. ಋತುವಿನಲ್ಲಿ ಗ್ರಾಹಕರು ಕಾದಿರಿಸಿದ ದಿನಗಳು 60. ಹವಾಮಾನದಿಂದ ರದ್ದಾಗುವುದು 20. ರದ್ದಾದ ದಿನದ ಹಣವನ್ನು ಹಿಂದಿರುಗಿಸಲಾಗುತ್ತದೆ, ಅಂದು ಚರ ವೆಚ್ಚ ಬರುವುದಿಲ್ಲ ಎಂದು ಭಾವಿಸಬಹುದು.

ಮೊದಲನೆಯ ವಿಧಾನ: 60 ದಿನಗಳನ್ನು ನಂಬಿ ದರ ಕಟ್ಟುವುದು. ದಿನಕ್ಕೆ ಸ್ಥಿರ ವೆಚ್ಚ ರೂ. 10,000, ಚರ ವೆಚ್ಚ ರೂ. 4,000, ಲಾಭ ರೂ. 3,000, ದರ ರೂ. 17,000. ಚರ ವೆಚ್ಚ ಕಳೆದು ದಿನಕ್ಕೆ ಉಳಿಯುವುದು ರೂ. 13,000. ಲಾಭವೂ ನಷ್ಟವೂ ಇಲ್ಲದ ಸಮಬಿಂದುವನ್ನು ಮುಟ್ಟಲು 47 ದಿನಗಳು ಬೇಕು. ನಡೆದದ್ದು 40 ದಿನಗಳಾದ್ದರಿಂದ ಉಳಿದದ್ದು ರೂ. 5,20,000, ನಷ್ಟ ರೂ. 80,000.

ಎರಡನೆಯ ವಿಧಾನ: 40 ದಿನಗಳನ್ನು ಮಾತ್ರ ನಂಬುವುದು. ದಿನಕ್ಕೆ ಸ್ಥಿರ ವೆಚ್ಚ ರೂ. 15,000, ಚರ ವೆಚ್ಚ ರೂ. 4,000, ಲಾಭ ರೂ. 3,000, ದರ ರೂ. 22,000. ದಿನಕ್ಕೆ ಉಳಿಯುವುದು ರೂ. 18,000. ಸಮಬಿಂದು 34 ದಿನಗಳು. 40 ದಿನಗಳಿಗೆ ಲಾಭ ರೂ. 1,20,000.

ಮೊದಲನೆಯವನಿಗೆ ಋತುವಿನ ಕೊನೆಯಲ್ಲಿ ಇನ್ನೂ 7 ದಿನಗಳು ಬೇಕಾಗಿವೆ. ಆ 7 ದಿನಗಳನ್ನು ಅವನು ಹುಡುಕಬೇಕಾದುದು ಗಾಳಿ ಎದ್ದ ದಿನಗಳಲ್ಲಿಯೇ. ಅಪಾಯ ಹುಟ್ಟುವ ಸ್ಥಳ ಬಂಡೆಯ ಮೇಲಲ್ಲ, ದರಪಟ್ಟಿಯಲ್ಲಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ದರ ಏರಿಸಿದರೆ ಗ್ರಾಹಕರು ದೂರವಾಗುತ್ತಾರೆಂಬ ಆತಂಕ ಸಹಜ. ಇದಕ್ಕೆ ಎರಡು ಪರಿಹಾರಗಳಿವೆ. ಒಂದೇ ದಿನದ ಬದಲು ಹಲವು ದಿನಗಳ ಅವಧಿಯನ್ನು ಕಾದಿರಿಸಿಕೊಂಡು ಅವುಗಳಲ್ಲಿ ಉತ್ತಮವಾದ ದಿನವನ್ನು ಆರಿಸುವುದು ಒಂದು. ಸ್ತಂಭಕ್ಕೆ ಹೋಗಲಾಗದ ದಿನ ಗಾಳಿಯ ಮರೆಯಲ್ಲಿರುವ ಬೇರೆ ಬಂಡೆಯ ಮೇಲೆ ತರಬೇತಿ ನೀಡಿ, ಆ ದಿನವು ಪೂರ್ಣವಾಗಿ ವ್ಯರ್ಥವಾಗದಂತೆ ನೋಡಿಕೊಳ್ಳುವುದು ಇನ್ನೊಂದು.

ಮುಂಗಡ ಹಣದ ಲೆಕ್ಕ

ಇಂಥ ವ್ಯವಹಾರವನ್ನು ಭಾರತದ ನಿಯಮಗಳಂತೆ ಲೆಕ್ಕಕ್ಕೆ ತಂದರೆ ಹೇಗೆ? ಬೇಸಿಗೆಯ ಸೇವೆಗೆ ಚಳಿಗಾಲದಲ್ಲಿಯೇ ಬಂದ ಮುಂಗಡವು ಆದಾಯವಲ್ಲ. ಸೇವೆ ಪೂರ್ಣಗೊಳ್ಳುವವರೆಗೆ ಅದು ಹೊಣೆಗಾರಿಕೆ. ಲೆಕ್ಕಪತ್ರ ಮಾನದಂಡ 9ರ ತತ್ತ್ವವೂ ಇದೇ. ಮುಂಗಡವನ್ನು ಮನೆಖರ್ಚಿಗೆ ಬಳಸಿದವನಿಗೆ ಹಣ ಹಿಂದಿರುಗಿಸುವುದು ಕಷ್ಟ. ಹಣ ಹಿಂದಿರುಗಿಸಲಾಗದವನಿಗೆ ‘ಇಂದು ಬೇಡ’ ಎನ್ನುವುದು ಇನ್ನೂ ಕಷ್ಟ. ಪ್ರತ್ಯೇಕ ಬ್ಯಾಂಕ್ ಖಾತೆಯೇ ಇದಕ್ಕೆ ಸರಳ ಮದ್ದು.

ಕೆಟ್ಟ ಋತುವಿಗಾಗಿ ತೆಗೆದಿಡುವ ಹಣವು ಲಾಭದಿಂದ ಮಾಡುವ ಮೀಸಲು ನಿಧಿಯೇ ಹೊರತು ವೆಚ್ಚವಲ್ಲ. ಮುಂದೆ ಬರಬಹುದಾದ ನಷ್ಟಕ್ಕೆ ವೆಚ್ಚ ತೋರಿಸಲು ಮಾನದಂಡ 29 ಅವಕಾಶ ಕೊಡುವುದಿಲ್ಲ. ಜಿ.ಎಸ್.ಟಿ. ನೋಂದಣಿ ಹೊಂದಿದವರು ಸೇವೆಗಾಗಿ ಪಡೆದ ಮುಂಗಡದ ಮೇಲೆಯೇ ತೆರಿಗೆ ಕಟ್ಟಬೇಕಾಗುತ್ತದೆಂಬುದನ್ನೂ, ಸೇವೆ ನಡೆಯದೆ ಹಣ ಮರಳಿಸಿದಾಗ ರಿಫಂಡ್ ವೋಚರ್ ನೀಡಬೇಕೆಂಬುದನ್ನೂ ಮರೆಯಬಾರದು.

ಸಹಿ ಪಡೆದರೆ ಹೊಣೆ ತಪ್ಪುವುದೇ?

‘ಏನಾದರೂ ನಾವು ಜವಾಬ್ದಾರರಲ್ಲ’ ಎಂಬ ಪತ್ರಕ್ಕೆ ಸಹಿ ಪಡೆದರೆ ಸಾಕೆಂಬ ನಂಬಿಕೆ ಎಲ್ಲೆಡೆಯೂ ಇದೆ. ಬ್ರಿಟನ್ನಿನಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯಿದೆಯ 65ನೆಯ ಕಲಮಿನ ಪ್ರಕಾರ, ವ್ಯಾಪಾರಿಯು ತನ್ನ ನಿರ್ಲಕ್ಷ್ಯದಿಂದ ಉಂಟಾದ ಸಾವು ಅಥವಾ ದೈಹಿಕ ಗಾಯದ ಹೊಣೆಯನ್ನು ಒಪ್ಪಂದದ ಮೂಲಕ ಕಳಚಿಕೊಳ್ಳುವಂತಿಲ್ಲ. 1993ರಲ್ಲಿ ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ನಡೆದ ಕಯಾಕ್ ದುರಂತದಲ್ಲಿ ನಾಲ್ವರು ಶಾಲಾ ಮಕ್ಕಳು ಪ್ರಾಣ ಕಳೆದುಕೊಂಡರು. ಆ ಸಾಹಸ ಕೇಂದ್ರದ ನಿರ್ದೇಶಕನಿಗೆ ಸೆರೆವಾಸವೂ ಕಂಪನಿಗೆ ದಂಡವೂ ಆಯಿತು. ಹಿಂದೆ ಅಲ್ಲಿ ಕೆಲಸ ಮಾಡಿದ್ದ ಬೋಧಕರು ಸುರಕ್ಷತೆಯ ಕೊರತೆಯನ್ನು ಪತ್ರ ಬರೆದು ಎಚ್ಚರಿಸಿದ್ದ ಸಂಗತಿ ಮೊಕದ್ದಮೆಯಲ್ಲಿ ಮಹತ್ವ ಪಡೆಯಿತು. 18 ವರ್ಷದೊಳಗಿನವರಿಗೆ ಸಾಹಸ ಸೇವೆ ನೀಡುವ ಕೇಂದ್ರಗಳಿಗೆ ಪರವಾನಗಿ ವಿಧಿಸುವ ಕಾಯಿದೆ 1995ರಲ್ಲಿ ಬಂದುದು ಇದರ ನಂತರವೇ.

ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ 2(46)ನೆಯ ಕಲಮಿನಲ್ಲಿ ‘ಅನ್ಯಾಯದ ಒಪ್ಪಂದ’ವನ್ನು ವ್ಯಾಖ್ಯಾನಿಸಿದೆ. ಮಿತಿಮೀರಿದ ಠೇವಣಿ, ನಷ್ಟಕ್ಕೆ ಹೊಂದದ ದಂಡ, ಸಕಾರಣವಿಲ್ಲದ ಏಕಪಕ್ಷೀಯ ರದ್ದತಿ ಇವು ಅದರಲ್ಲಿ ಸೇರಿವೆ. ಆದುದರಿಂದ ರದ್ದತಿಯ ಷರತ್ತುಗಳು ನ್ಯಾಯಸಮ್ಮತವಾಗಿರಬೇಕು, ಹಣ ಪಡೆಯುವ ಮೊದಲೇ ಲಿಖಿತವಾಗಿ ತಿಳಿಸಿರಬೇಕು.

ಗಮನಿಸಬೇಕಾದ ಅಂಶಗಳು

1. ದರವನ್ನು ಖಚಿತವಾಗಿ ಸಿಗುವ ದಿನಗಳ ಮೇಲೆ ಕಟ್ಟಬೇಕು, ಆಸೆಪಟ್ಟ ದಿನಗಳ ಮೇಲಲ್ಲ. ಹಿಂದಿನ ಐದಾರು ವರ್ಷಗಳ ದಿನಚರಿಯೇ ಇದಕ್ಕೆ ಆಧಾರ.

2. ಮುಂಗಡವನ್ನು ಸೇವೆ ಮುಗಿಯುವವರೆಗೆ ಪ್ರತ್ಯೇಕವಾಗಿಡಬೇಕು.

3. ಒಳ್ಳೆಯ ವರ್ಷದ ಲಾಭದಲ್ಲಿ ಒಂದಂಶವನ್ನು ಕೆಟ್ಟ ವರ್ಷಕ್ಕೆ ಮೀಸಲಿಡಬೇಕು.

4. ಕೆಲಸ ನಿಲ್ಲಿಸುವ ಅಧಿಕಾರವು ಸ್ಥಳದಲ್ಲಿರುವವನಿಗೇ ಇರಬೇಕು. ನಿಲ್ಲಿಸಿದ್ದಕ್ಕಾಗಿ ಅವನ ಸಂಬಳ ಕಡಿತವಾಗಬಾರದು.

5. ನೌಕರರು ಬರೆದ ಎಚ್ಚರಿಕೆಯ ಪತ್ರವನ್ನು ಕಡತಕ್ಕೆ ಸೇರಿಸಿ ಮರೆಯದೆ, ಕ್ರಮ ಕೈಗೊಂಡು ಉತ್ತರಿಸಬೇಕು.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಪ್ರವಾಸಿ ದೋಣಿಗಳು ಮಳೆಗಾಲದಲ್ಲಿ ದಡದಲ್ಲಿಯೇ ಉಳಿಯುತ್ತವೆ. ಸಾಣಿಕಟ್ಟೆಯ ಉಪ್ಪು, ಹಂಚಿನ ಕಾರ್ಖಾನೆಯ ಹಸಿ ಹಂಚು, ಅಂಗಳದ ಅಡಿಕೆ ಎಲ್ಲವೂ ಬಿಸಿಲನ್ನು ಕಾಯುತ್ತವೆ. ಇಂಥ ಯಾವ ವ್ಯವಹಾರದಲ್ಲಿಯೂ ಪ್ರಕೃತಿಯು ಹೇಳದೆ ಬರುವ ಪಾಲುದಾರ. ಆ ಪಾಲುದಾರನ ಪಾಲನ್ನು ದರಪಟ್ಟಿಯಲ್ಲಿ ಮೊದಲೇ ತೆಗೆದಿಟ್ಟ ಉದ್ಯಮಿಗೆ, ಕಡಲು ಉಕ್ಕಿದ ದಿನ ಮನೆಯಲ್ಲಿ ಕುಳಿತಿರುವುದು ನಷ್ಟವೆನಿಸುವುದಿಲ್ಲ.