ಇಮೇಲ್ ಮೂಲಕ ಕಳುಹಿಸುವ ದಾಖಲೆಗಳ ಸ್ವರೂಪ ರಕ್ಷಣೆ

ಗ್ರಾಮ ಸಭೆಯು ಆಯ್ಕೆ ಮಾಡಿದ ಫಲಾನುಭವಿಗಳ ಪಟ್ಟಿ, ಸಾಮಾನ್ಯ ಸಭೆಯ ನಡವಳಿ ಹಾಗೂ ಕ್ರಿಯಾ ಯೋಜನೆಗಳನ್ನು ಇಂದು ಮೇಲಿನ ಕಚೇರಿಗಳಿಗೆ ಇಮೇಲ್ ಮೂಲಕವೂ ಕಳುಹಿಸಲಾಗುತ್ತಿದೆ. ಪಟ್ಟಿಯಲ್ಲಿ ಒಬ್ಬರ ಹೆಸರಿನ ಮುಂದೆ ಮತ್ತೊಬ್ಬರ ವಿವರ ಬಂದು ನಿಂತರೆ ಸಭೆಯ ತೀರ್ಮಾನವೇ ತಪ್ಪಾಗಿ ಓದಲ್ಪಡುತ್ತದೆ. ಅರ್ಹ ಕುಟುಂಬಕ್ಕೆ ಸೌಲಭ್ಯ ತಪ್ಪಲೂಬಹುದು. ಆದುದರಿಂದ ಈ ವಿಷಯವನ್ನು ಸದಸ್ಯರೂ ಅರಿತಿರುವುದು ಅವಶ್ಯ.

ಸ್ವರೂಪ ಕೆಡಲು ಕಾರಣಗಳು

1. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಇರಿಸಲಾಗಿದೆ. ಆ ಅಕ್ಷರಶೈಲಿ ಇಲ್ಲದ ಗಣಕಯಂತ್ರದಲ್ಲಿ ಕಡತವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ.

2. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವುದರಿಂದ ಈ ದೋಷವಿಲ್ಲ. ಆದರೆ ತುಂಗಾ ಅಕ್ಷರಶೈಲಿಯ ವರ್ಡ್ ಕಡತವು ಬೇರೆ ಅಕ್ಷರಶೈಲಿಯಲ್ಲಿ ತೆರೆದುಕೊಂಡರೆ ಅಕ್ಷರಗಳ ಅಗಲ ಬದಲಾಗಿ ಸಾಲು ಮತ್ತು ಪುಟಗಳು ಸರಿಯುತ್ತವೆ.

3. ಕೋಷ್ಟಕವನ್ನು ನಕಲಿಸಿ ಇಮೇಲ್‌ನ ಒಡಲಿನಲ್ಲಿಯೇ ಅಂಟಿಸಿದಾಗ, ವಿಶೇಷವಾಗಿ ಮೊಬೈಲ್ ಪರದೆಯಲ್ಲಿ, ಕಾಲಂಗಳು ಒಡೆದುಹೋಗಬಹುದು.

ಅನುಸರಿಸಬೇಕಾದ ಕ್ರಮ

1. ಬೆರಳಚ್ಚನ್ನು ಯೂನಿಕೋಡ್‌ನಲ್ಲಿಯೇ ಮಾಡುವುದು.

2. ಅಂತಿಮ ಪ್ರತಿಯನ್ನು ಪಿಡಿಎಫ್ ಆಗಿ ಉಳಿಸಿ ಲಗತ್ತಿಸುವುದು. ಅಕ್ಷರಶೈಲಿಯು ಪಿಡಿಎಫ್ ಕಡತದೊಳಗೇ ಅಡಕವಾಗಿದ್ದರೆ ಪುಟವು ಎಲ್ಲಿ ತೆರೆದರೂ ಒಂದೇ ರೀತಿ ಕಾಣುತ್ತದೆ.

3. ಸ್ವೀಕರಿಸುವ ಕಚೇರಿಯು ತಿದ್ದುಪಡಿ ಮಾಡಬೇಕಾದ ಸಂದರ್ಭದಲ್ಲಿ ವರ್ಡ್ ಅಥವಾ ಎಕ್ಸೆಲ್ ಕಡತದೊಂದಿಗೆ ಪಿಡಿಎಫ್ ಪ್ರತಿಯನ್ನೂ ಸೇರಿಸುವುದು. ಎರಡರಲ್ಲಿ ವ್ಯತ್ಯಾಸ ಕಂಡರೆ ಪಿಡಿಎಫ್ ನೋಡಿ ಸರಿಪಡಿಸಿಕೊಳ್ಳಬಹುದು.

4. ಕಳುಹಿಸುವ ಮುನ್ನ ಕಡತವನ್ನು ಮೊಬೈಲ್‌ನಲ್ಲಿ ತೆರೆದು ನೋಡುವುದು. ಮೊಬೈಲ್‌ನಲ್ಲಿ ಸಾಮಾನ್ಯವಾಗಿ ನುಡಿ ಅಕ್ಷರಶೈಲಿ ಇರುವುದಿಲ್ಲವಾದ್ದರಿಂದ ದೋಷವಿದ್ದರೆ ಅಲ್ಲಿಯೇ ತಿಳಿಯುತ್ತದೆ.

ಪಿಡಿಎಫ್ ಒಂದೇ ಸಾಲದು

ಹಳೆಯ ನುಡಿಯಲ್ಲಿ ಬೆರಳಚ್ಚು ಮಾಡಿ ಪಿಡಿಎಫ್ ಮಾಡಿದ ಪಟ್ಟಿಯು ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಆದರೆ ಫಲಾನುಭವಿಯ ಹೆಸರನ್ನು ಯೂನಿಕೋಡ್ ಕನ್ನಡದಲ್ಲಿ ಟೈಪಿಸಿ ಹುಡುಕಿದರೆ ಅದು ಸಿಗುವುದಿಲ್ಲ. ನಕಲಿಸಿದರೆ ರೋಮನ್ ಅಕ್ಷರಗಳೇ ಬರುತ್ತವೆ. ಪುಟದ ರೂಪವನ್ನು ಪಿಡಿಎಫ್ ಕಾಯುತ್ತದೆ, ಅಕ್ಷರವನ್ನು ಯೂನಿಕೋಡ್ ಕಾಯುತ್ತದೆ. ಎರಡೂ ಅಗತ್ಯ.

ಸದಸ್ಯರ ಪಾತ್ರ

ಇಮೇಲ್‌ನೊಂದಿಗೆ ಕಳುಹಿಸಿದ ಪ್ರತಿಯನ್ನು ಸದಸ್ಯರು ಕೇಳಿ ಪಡೆದು, ತಮ್ಮ ವಾರ್ಡಿನ ಹೆಸರುಗಳು, ಕ್ರಮಸಂಖ್ಯೆ ಮತ್ತು ಮೊತ್ತಗಳನ್ನು ಸಹಿಯಾದ ಮೂಲ ನಡವಳಿಯೊಂದಿಗೆ ಹೋಲಿಸಿ ನೋಡುವುದು ಉಚಿತ. ವ್ಯತ್ಯಾಸ ಕಂಡುಬಂದಲ್ಲಿ ಕೂಡಲೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಗಮನಕ್ಕೆ ತಂದು, ಸರಿಪಡಿಸಿದ ಪ್ರತಿಯನ್ನು ಅದೇ ವಿಳಾಸಕ್ಕೆ ಮರಳಿ ಕಳುಹಿಸುವಂತೆ ಸೂಚಿಸಬೇಕು.