ಕೈ ಎತ್ತಿದರೂ ಮೇಲೇಳದ ಜಾಕೆಟ್

ಪ್ಲೇಸ್‌ಮೆಂಟ್‌ಗೆಂದು ಕೊಂಡ ಬ್ಲೇಜರ್ ಹಾಕಿ, ಗುಂಡಿ ಹಾಕ್ಕೊಂಡು, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯೋ ಹಾಗೆ ಒಂದು ಕೈ ಎತ್ತಿ ನೋಡಿ. ಕೈ ಜೊತೆ ಇಡೀ ಕೋಟೇ ಮೇಲೇಳುತ್ತೆ, ಕಾಲರ್ ಕಿವಿ ಹತ್ತಿರ ಬರುತ್ತೆ. ಒಂದು ಸೈಜ್ ದೊಡ್ಡದು ತಗೋಬೇಕಿತ್ತು ಅಂದ್ಕೊಳ್ತೀವಿ. ದೊಡ್ಡದು ತಗೊಂಡ್ರೆ ಸಾಮಾನ್ಯವಾಗಿ ಇನ್ನೂ ಜಾಸ್ತಿ ಏಳುತ್ತೆ! ಯಾಕೆ ಅನ್ನೋದಕ್ಕೆ ಸುಮಾರು 70 ವರ್ಷ ಹಳೆಯ ಹೆಂಗಸರ ಜಾಕೆಟ್ಟೊಂದು ಒಳ್ಳೆಯ ಪಾಠ.

1947ರಲ್ಲಿ ಪ್ಯಾರಿಸ್‌ನ ಕ್ರಿಶ್ಚಿಯನ್ ಡಿಯೋರ್ ತಮ್ಮ 'ಬಾರ್' ಜಾಕೆಟ್ ತೋರಿಸಿದರು. ಬಿಗಿದ ಸೊಂಟ, ಪ್ಯಾಡ್ ಇಟ್ಟು ಉಬ್ಬಿಸಿದ ಕೆಳಭಾಗ. ನೋಡಲು ಶಿಲ್ಪದ ಹಾಗಿತ್ತು. ಕೊಕೊ ಶನೆಲ್‌ಗೆ ಈ ದಾರಿ ಹಿಡಿಸಲಿಲ್ಲ. 1939ರಲ್ಲಿ ಉಡುಪಿನ ವ್ಯಾಪಾರ ನಿಲ್ಲಿಸಿದ್ದ ಆಕೆ, 70ರ ವಯಸ್ಸಿನಲ್ಲಿ, 1954ರ ಫೆಬ್ರವರಿ 5ರಂದು ಮತ್ತೆ ಪ್ರದರ್ಶನ ಮಾಡಿದರು. ಫ್ರೆಂಚ್ ಪತ್ರಿಕೆಗಳು ಮೂಗು ಮುರಿದವು, ಅಮೆರಿಕದವರು ಕೊಂಡರು. (ಯುದ್ಧಕಾಲದಲ್ಲಿ ಜರ್ಮನ್ ಅಧಿಕಾರಿಯೊಬ್ಬನ ಜೊತೆ ಆಕೆಗಿದ್ದ ನಂಟನ್ನು ಮರೆಸುವ ಉದ್ದೇಶ ನನಗಿಲ್ಲ, ಇಲ್ಲಿ ಮಾತು ಜಾಕೆಟ್ಟಿನದು.) ಕಾಲರಿಲ್ಲದ ಕತ್ತು, ಅಂಚಿಗೆ ಹೆಣೆದ ಪಟ್ಟಿ, ಕೈ ಹಾಕಬಹುದಾದ ನಿಜವಾದ ಜೇಬುಗಳು. ನಿಜವಾದ ಜೇಬು ಅಂದ್ರೆ ಎಷ್ಟು ದೊಡ್ಡ ವಿಷಯ ಅಂತ ನಮ್ಮ ಕ್ಲಾಸಿನ ಹುಡುಗಿಯರಿಗೆ ವಿವರಿಸಬೇಕಿಲ್ಲ.

ಅಸಲಿ ಕೆಲಸ ಇರೋದು ಆರ್ಮ್‌ಹೋಲ್‌ನಲ್ಲಿ. ನಮ್ಮ ತೋಳು ತಿರುಗುವುದು ಭುಜದ ಕೀಲಿನ ಸುತ್ತ. ಆರ್ಮ್‌ಹೋಲ್ ಕಂಕುಳಿಗಿಂತ ತುಂಬಾ ಕೆಳಗೆ ಇಳಿದಿದ್ದರೆ, ಬಟ್ಟೆಯ ತೋಳು ಮೈಗೆ ಸೇರುವ ಬಿಂದು ಆ ಕೀಲಿನಿಂದ ದೂರವಾಯ್ತು. ಕೈ ಎತ್ತಿದಾಗ ಆ ಬಿಂದು ಮೇಲೆ ಸರಿಯಲೇಬೇಕು. ಪಕ್ಕದ ಹೊಲಿಗೆಯ ಉದ್ದ ಬದಲಾಗಲ್ಲ, ಹಾಗಾಗಿ ಕೆಳಗಿನ ಅಂಚೂ ಹಿಂದೆಯೇ ಏಳುತ್ತೆ. ಶನೆಲ್ ಆರ್ಮ್‌ಹೋಲನ್ನು ಕಂಕುಳಿನ ಹತ್ತಿರಕ್ಕೇ ತಂದು, ಸಣ್ಣದಾಗಿಸಿ, ತೋಳನ್ನು ಮೊಣಕೈ ಬಾಗುವಂತೆ ತುಂಡುಗಳಲ್ಲಿ ಕತ್ತರಿಸಿದರು. ಈಗ ತೋಳಷ್ಟೇ ತಿರುಗುತ್ತೆ, ಮೈ ಭಾಗ ಇದ್ದಲ್ಲೇ ಇರುತ್ತೆ. ಸರಿಯಾಗುವ ತನಕ ಮಾಡೆಲ್ ಮೈಮೇಲೆಯೇ ತೋಳು ಕಿತ್ತು ಮತ್ತೆ ಪಿನ್ ಹಾಕೋದು ಆಕೆಯ ಅಭ್ಯಾಸ.

ಎರಡನೇ ಸಮಸ್ಯೆ ಬಟ್ಟೆಯದು. ಸಡಿಲ ನೇಯ್ಗೆಯ ಟ್ವೀಡ್ ಜೋತು ಬೀಳುತ್ತೆ. ಒಳಗೆ ಗಡಸು ಕ್ಯಾನ್ವಾಸ್ ಕೊಡುವುದು ವಾಡಿಕೆ. ಅಗ್ಗದ ಬ್ಲೇಜರ್‌ಗಳಲ್ಲಿ ಅದರ ಬದಲು ಅಂಟಿಸಿದ ಪದರ ಇರುತ್ತೆ. ನಾಲ್ಕು ಸಲ ಒಗೆದ ಮೇಲೆ ಎದೆ ಮೇಲೆ ಗುಳ್ಳೆ ಏಳೋದು ನೋಡಿದೀರಲ್ಲ, ಅದು ಶುದ್ಧ ಡೀಲ್ಯಾಮಿನೇಷನ್. ಶನೆಲ್ ಎರಡನ್ನೂ ಬಿಟ್ಟು, ರೇಷ್ಮೆ ಲೈನಿಂಗನ್ನೇ ಟ್ವೀಡ್‌ಗೆ ಸಾಲುಸಾಲಾಗಿ ಹೊಲಿಸಿದರು, ನಮ್ಮ ಉತ್ತರ ಕರ್ನಾಟಕದ ಕೌದಿಯಲ್ಲಿ ಪದರಗಳನ್ನು ಸೇರಿಸಿ ಹೊಲಿದ ಹಾಗೆ. ಎರಡು ಮೆತ್ತನೆಯ ಪದರ ಸೇರಿ ಆಕಾರ ಹಿಡಿಯುತ್ತೆ, ಆದರೂ ಬಾಗುತ್ತೆ.

ಇಷ್ಟು ಹಗುರಾದ ಜಾಕೆಟ್ ಓಡಾಡುವಾಗ ಹಾರಾಡಬಾರದಲ್ಲ? ಅದಕ್ಕೆ ಒಳಗಡೆ, ಕೆಳಅಂಚಿನುದ್ದಕ್ಕೂ ತೆಳುವಾದ ಲೋಹದ ಸರಪಳಿ ಹೊಲಿದರು. ಹೊರಗಿನವರಿಗೆ ಕಾಣಲ್ಲ. ಗೋಡೆ ಕಟ್ಟುವಾಗ ಇಳಿಬಿಡುವ ತೂಗುಗುಂಡಿನ ತತ್ವವೇ, ಒಂದು ಗುಂಡಿನ ಬದಲು ತೂಕ ಇಡೀ ಅಂಚಿಗೆ ಹಂಚಿಕೆಯಾಗಿದೆ ಅಷ್ಟೆ. ಸರಪಳಿ ಬಾಗುವುದರಿಂದ ಅಂಚೂ ಸೆಟೆದು ನಿಲ್ಲಲ್ಲ.

ಮುಂದಿನ ಸೆಮಿಸ್ಟರ್‌ಗೆ ಬ್ಲೇಜರ್ ಹೊಲಿಸುವವರು ಬಟ್ಟೆ ಕತ್ತರಿಸೋ ಮುಂಚೆಯೇ ಟೈಲರ್‌ಗೆ 'ಆರ್ಮ್‌ಹೋಲ್ ಮೇಲಕ್ಕಿರಲಿ' ಅಂತ ಹೇಳಿಬಿಡಿ. ಒಮ್ಮೆ ಕತ್ತರಿಸಿದ ಮೇಲೆ ಅದನ್ನು ದೊಡ್ಡದು ಮಾಡಬಹುದು, ಚಿಕ್ಕದು ಮಾಡೋದು ಬಲು ಕಷ್ಟ. ಟ್ರಯಲ್‌ಗೆ ಹೋದಾಗ ಕನ್ನಡಿ ಮುಂದೆ ಸುಮ್ಮನೆ ನಿಲ್ಲಬೇಡಿ, ಬಸ್ಸಿನ ಕಂಬಿ ಹಿಡಿದ ಹಾಗೆ ಕೈ ಎತ್ತಿ.