ಮನೆ ಕಂದಾಯಕ್ಕೆ ಎರಡು ತಿಂಗಳ ಪಿಂಚಣಿ

ಪ್ರಶ್ನೆ: ಮೇಡಂ, ನನಗೆ 71 ವರ್ಷ. ಪೀಣ್ಯದ ಒಂದು ಖಾಸಗಿ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದು 2012ರಲ್ಲಿ ನಿವೃತ್ತನಾದೆ. ಇಪಿಎಸ್ ಪಿಂಚಣಿ ತಿಂಗಳಿಗೆ 2,140 ರೂಪಾಯಿ. ಅಂದು ಬಂದಷ್ಟೇ ಇಂದೂ ಬರುತ್ತಿದೆ. ಪಿಎಫ್ ದುಡ್ಡು ಮಗಳ ಮದುವೆಗೂ ನನ್ನ ಆಪರೇಷನ್ನಿಗೂ ಹೋಯಿತು. ಹೆಂಡತಿಗೆ ಬರುವ ಗೃಹಲಕ್ಷ್ಮಿ ಹಣ ಇಬ್ಬರ ಮಾತ್ರೆಗಳಿಗೆ ಸರಿಹೋಗುತ್ತದೆ. 1991ರಲ್ಲಿ 20/30ರ ಸೈಟಿನಲ್ಲಿ ಕಟ್ಟಿದ ಮನೆ ಇದೆ. ಎರಡು ಅಂತಸ್ತು ಸೇರಿ 950 ಚದರಡಿ. ಕೆಳಗೆ ನಾವು, ಮಹಡಿಯಲ್ಲಿದ್ದ ಬಾಡಿಗೆಯವರು ಹೋದ ಮೇಲೆ ಮೂರು ವರ್ಷದಿಂದ ಮಗ, ಸೊಸೆ ಇದ್ದಾರೆ. ಈ ಸಲ ಕಂದಾಯ, ಸೆಸ್ಸು, ಕಸದ ಶುಲ್ಕ ಎಲ್ಲ ಸೇರಿ 3,800 ರೂಪಾಯಿ ಆಯಿತು. ಹೆಚ್ಚುಕಡಿಮೆ ಎರಡು ತಿಂಗಳ ಪಿಂಚಣಿ. ನಾನು ದುಡಿದು ಕಟ್ಟಿದ ಮನೆಗೆ, ದುಡಿಮೆ ನಿಂತ ಮೇಲೂ ಸಾಯುವ ತನಕ ದುಡ್ಡು ಕಟ್ಟುತ್ತಲೇ ಇರಬೇಕು ಅನ್ನುವುದು ಯಾವ ನ್ಯಾಯ? ಮಗ, ‘ಮನೆ ನನ್ನ ಹೆಸರಿಗೆ ಮಾಡಿಬಿಡಿ ಅಪ್ಪಾ, ಕಂದಾಯದ ತಲೆನೋವು ನನಗಿರಲಿ’ ಅನ್ನುತ್ತಾನೆ. ಕಟ್ಟದೆ ಬಿಟ್ಟರೆ ಏನಾಗುತ್ತದೆ ಎಂಬ ಯೋಚನೆಯೂ ಬರುತ್ತದೆ. ಏನು ಮಾಡಲಿ? ಈ ವರ್ಷ ತುಂಬಿದ ಫಾರಂ, ರಸೀದಿಗಳ ನಕಲು ಜೊತೆಗಿಟ್ಟಿದ್ದೇನೆ.
– ಹೆಸರು ಬೇಡ, ಬೆಂಗಳೂರು

ಉತ್ತರ: ಹಿರಿಯರೇ, ನೀವು ನಕಲು ಕಳಿಸಿದ್ದು ಒಳ್ಳೆಯದಾಯಿತು. ನ್ಯಾಯದ ಮಾತಿಗೆ ಆಮೇಲೆ ಬರುತ್ತೇನೆ, ಮೊದಲು ಆ ಫಾರಂ ನೋಡೋಣ. ನೀವು ಕಟ್ಟಬೇಕಾದದ್ದಕ್ಕಿಂತ ಹೆಚ್ಚು ಕಟ್ಟುತ್ತಿದ್ದೀರಿ.

ಬೆಂಗಳೂರಿನಲ್ಲಿ 2008ರಿಂದ ಕಂದಾಯವನ್ನು ಲೆಕ್ಕ ಹಾಕುವ ಕ್ರಮ ಹೀಗಿದೆ. ಊರನ್ನು ಎ ಯಿಂದ ಎಫ್ ತನಕ ಆರು ವಲಯಗಳಾಗಿ ಮಾಡಿ, ಒಂದೊಂದು ವಲಯಕ್ಕೂ ಚದರಡಿಗೆ ಇಷ್ಟು ಎಂದು ದರ ಇಟ್ಟಿದ್ದಾರೆ. ನಿಮ್ಮ ಚದರಡಿಗೆ ಆ ದರ ಕಟ್ಟಿ, ಹತ್ತು ತಿಂಗಳಿಗೆ ಗುಣಿಸಿ, ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು, ಉಳಿದದ್ದರಲ್ಲಿ ನೂರಕ್ಕೆ 20ರಷ್ಟು ತೆರಿಗೆ. ಅದರ ಮೇಲೆ ಸೆಸ್ಸು. ನಿಮಗೆ ಮುಖ್ಯವಾದದ್ದು ಇಷ್ಟು: ಮಾಲೀಕರೇ ವಾಸವಿರುವ ಭಾಗದ ದರ, ಬಾಡಿಗೆಗೆ ಕೊಟ್ಟ ಭಾಗದ ದರದ ಅರ್ಧ ಮಾತ್ರ. ನಿಮ್ಮ ಮಹಡಿಯಲ್ಲಿ ಮೂರು ವರ್ಷದಿಂದ ಬಾಡಿಗೆಯವರಿಲ್ಲ. ಆದರೆ ಕಾಗದದ ಮೇಲೆ ಅವರಿನ್ನೂ ಇದ್ದಾರೆ! ಪ್ರತಿವರ್ಷ ಫಾರಂ 4 ತುಂಬಿದ್ದೀರಿ; ಅದು ಕಳೆದ ವರ್ಷದಿಂದ ಏನೂ ಬದಲಾಗಿಲ್ಲ ಎನ್ನುವವರಿಗೆ. ಕಟ್ಟಡದ ಅಳತೆ, ಬಳಕೆ, ವಾಸ ಬದಲಾಗಿದ್ದರೆ ತುಂಬಬೇಕಾದದ್ದು ಫಾರಂ 5. ಬಹುಶಃ ಫಾರಂ ತುಂಬಿಕೊಟ್ಟ ಸೈಬರ್ ಸೆಂಟರಿನ ಹುಡುಗ ಹಳೆಯ ವಿವರವನ್ನೇ ಮುಂದುವರಿಸಿರುತ್ತಾನೆ, ಅವನಿಗೆ ನಿಮ್ಮ ಮಹಡಿಯ ಸಂಗತಿ ಹೇಗೆ ತಿಳಿಯಬೇಕು?

ಇದರಿಂದ ಎಷ್ಟು ಉಳಿಯುತ್ತದೆ, ನೋಡಿ. ನಿಮ್ಮ 3,800ರಲ್ಲಿ 600 ಕಸದ ಶುಲ್ಕ. 2025ರ ಏಪ್ರಿಲ್‌ನಿಂದ 601ರಿಂದ 1,000 ಚದರಡಿ ತನಕದ ಮನೆಗೆ ತಿಂಗಳಿಗೆ 50ರಂತೆ ಅದು ಬರುತ್ತಿದೆ, ಅದರಿಂದ ಬಿಡುಗಡೆಯಿಲ್ಲ. ಉಳಿದ 3,200 ತೆರಿಗೆ ಮತ್ತು ಸೆಸ್ಸು. ಎರಡು ಅಂತಸ್ತೂ ಹೆಚ್ಚುಕಡಿಮೆ ಒಂದೇ ಅಳತೆಯವು, ಆದ್ದರಿಂದ ಈಗ ನೀವು ಕೆಳಗಿನ ಮನೆಗೆ ಒಂದು ಪಾಲು, ಮೇಲಿನದಕ್ಕೆ ಎರಡು ಪಾಲು ಕಟ್ಟುತ್ತಿದ್ದೀರಿ. ಮಹಡಿಯೂ ಸ್ವಂತ ವಾಸಕ್ಕೆ ಬಂದರೆ ಮೂರು ಪಾಲು ಎರಡಾಗುತ್ತದೆ. ಸಾವಿರ ರೂಪಾಯಿಯ ಆಸುಪಾಸು ಉಳಿಯಿತು. ಏಪ್ರಿಲ್ ತಿಂಗಳಲ್ಲೇ ವರ್ಷದ್ದು ಪೂರ್ತಿ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ. ಅದು ಇನ್ನೊಂದು ನೂರು. ಒಟ್ಟು ಸುಮಾರು 2,600ಕ್ಕೆ ಬಂದು ನಿಲ್ಲುತ್ತದೆ. ಒಂದೇ ಸಲಕ್ಕೆ ಹೊಂದಿಸಲು ಆಗದಿದ್ದರೆ ಎರಡು ಕಂತಿನಲ್ಲಿ ಕಟ್ಟಲೂಬಹುದು, ಆಗ ಆ 5ರ ರಿಯಾಯಿತಿ ಸಿಗದು. ಕಳೆದ ಮೂರು ವರ್ಷ ಹೆಚ್ಚಾಗಿ ಕಟ್ಟಿದ್ದನ್ನು ಮುಂದಿನ ಕಂದಾಯಕ್ಕೆ ಹೊಂದಿಸಿಕೊಡಿ ಎಂದು ಸಹಾಯಕ ಕಂದಾಯ ಅಧಿಕಾರಿಗೆ ಬರಹದಲ್ಲಿ ಅರ್ಜಿ ಕೊಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಆ ದುಡ್ಡು ಬಂದೇ ಬರುತ್ತದೆ ಎಂದು ಮಾತ್ರ ಲೆಕ್ಕ ಹಾಕಬೇಡಿ.

ಮಹಡಿಯನ್ನು ಮತ್ತೆ ಬಾಡಿಗೆಗೆ ಕೊಟ್ಟರೆ ಆ ವರ್ಷವೇ ಹೇಳಿಬಿಡಿ. ಬೆಂಗಳೂರಿನಲ್ಲಿ 2016ರಲ್ಲಿ ವಲಯಗಳನ್ನು ಬದಲಿಸಿದಾಗ ಅದು ತಿಳಿಯದೆ ಹಳೆಯ ವಲಯದ ಲೆಕ್ಕದಲ್ಲೇ ಕಟ್ಟಿದವರಿಗೆ ವರ್ಷಗಳ ಮೇಲೆ ವ್ಯತ್ಯಾಸ, ದಂಡ, ಬಡ್ಡಿ ಎಂದು ನೋಟಿಸು ಬಂದು ಎಷ್ಟೋ ಮನೆಗಳು ಕಂಗಾಲಾದವು. ಸ್ವಯಂ ಘೋಷಣೆ ಎಂದರೆ ತಪ್ಪಿನ ಹೊರೆಯೂ ನಮ್ಮ ಮೇಲೆಯೇ ಬಿತ್ತು ಎಂದರ್ಥ. ವಯಸ್ಸಾದವರ ಮೇಲೆ ಈ ಹೊರೆ ಹಾಕಿ, ಪಕ್ಕದಲ್ಲಿ ಕೂತು ಫಾರಂ ತುಂಬಿಸಿಕೊಡುವವರನ್ನು ಕೊಡದೇ ಇರುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

‘ಕಟ್ಟದೆ ಬಿಟ್ಟರೆ’ ಎಂಬ ಯೋಚನೆಯನ್ನು ಇಲ್ಲಿಗೇ ಬಿಟ್ಟುಬಿಡಿ. 2024ರಲ್ಲಿ ಬಾಕಿದಾರರಿಗೆ ಬಡ್ಡಿ ಮನ್ನಾ ಮಾಡಿ ದಂಡ ಇಳಿಸಿದ ಯೋಜನೆ ಬಂದಿತ್ತು, ನವೆಂಬರ್ 30ಕ್ಕೆ ಮುಗಿಯಿತು. ಮತ್ತೊಂದು ಬರಬಹುದೆಂದು ಕಾದು ಕೂತವರ ಬಾಕಿ ಮಾತ್ರ ಬೆಳೆಯುತ್ತಿರುತ್ತದೆ. 2,600 ಕಟ್ಟುವುದು ಕಷ್ಟ ಎನ್ನುವವರಿಗೆ ದಂಡ, ಬಡ್ಡಿ ಸೇರಿದ ಐದು ವರ್ಷದ ಬಾಕಿ ಕಟ್ಟಲು ಎಲ್ಲಿಂದ ಆಗಬೇಕು?

ಈಗ ನಿಮ್ಮ ನಿಜವಾದ ಪ್ರಶ್ನೆ. ಇದು ಯಾವ ನ್ಯಾಯ?

ಮನೆಗೆ ಕಂದಾಯ ಇರುವುದೇ ಅನ್ಯಾಯ ಎಂದು ನಾನು ಹೇಳಲಾರೆ. ಊರೊಳಗೆ ಬರುವ ಸರಕಿನ ಮೇಲಿನ ಸುಂಕ, ಅಂದರೆ ಆಕ್ಟ್ರಾಯ್, ಕರ್ನಾಟಕದಲ್ಲಿ 1979ರಲ್ಲಿ ರದ್ದಾಯಿತು. ಅಲ್ಲಿಂದೀಚೆಗೆ ಊರುಗಳು ತಮ್ಮ ಕೈಯಿಂದ ತಾವೇ ಎತ್ತುವ ದೊಡ್ಡ ಆದಾಯವೆಂದರೆ ಆಸ್ತಿ ತೆರಿಗೆ. ನಿಮ್ಮ ಬೀದಿಯ ಚರಂಡಿ, ದೀಪ, ಬೆಳಗಿನ ಜಾವ ಗುಡಿಸುವ ಪೌರಕಾರ್ಮಿಕರ ಸಂಬಳ ಇದರಿಂದಲೂ ನಡೆಯಬೇಕು. ಸ್ವಂತ ಸೂರಿಲ್ಲದ ಗಾರ್ಮೆಂಟ್ಸ್ ಹೆಣ್ಣುಮಗಳೂ ಇದನ್ನು ಕಟ್ಟುತ್ತಾಳೆ, ಬಾಡಿಗೆಯೊಳಗೆ ಸೇರಿಸಿ, ಅದೂ ಇಮ್ಮಡಿ ದರದಲ್ಲಿ. ‘ನಾನು ದುಡಿದು ಕಟ್ಟಿದ ಮನೆ’ ಎನ್ನುವ ನಿಮ್ಮ ಮಾತು ನಿಜ, ಆದರೆ ಅದೊಂದೇ ಕಂದಾಯ ಕಟ್ಟದಿರಲು ಕಾರಣವಾಗದು.

ಆದರೆ ಕೇಳುವ ರೀತಿಯಲ್ಲಿ ಅನ್ಯಾಯವಿದೆ. ಅದು ಮನೆಯ ಗೋಡೆಯನ್ನು ಅಳೆಯುತ್ತದೆ, ಒಳಗಿರುವವರ ಕೈಯಲ್ಲಿ ಏನಿದೆ ಎಂದು ಕೇಳುವುದಿಲ್ಲ. ನಿಮ್ಮ ವರ್ಷದ ಪಿಂಚಣಿ 25,680. ಅದರಲ್ಲಿ ಸುಮಾರು ಏಳನೇ ಒಂದು ಭಾಗ ಕಂದಾಯಕ್ಕೆ ಹೋಯಿತು. ತಿಂಗಳಿಗೆ ಒಂದು ಲಕ್ಷ ಸಂಬಳ ಬರುವವರು ದೊಡ್ಡ ಫ್ಲ್ಯಾಟಿಗೆ ಎಂಟು ಸಾವಿರ ಕಟ್ಟಿದರೂ ಅವರ ಆದಾಯದಲ್ಲಿ ನೂರಕ್ಕೆ ಒಂದೂ ಆಗದು. ಬೇರೆ ಊರುಗಳು ಇದಕ್ಕೆ ಏನಾದರೂ ಮಾಡಿವೆ. ದೆಹಲಿ ಪಾಲಿಕೆ 60 ದಾಟಿದವರ ಸ್ವಂತ ವಾಸದ ಒಂದು ಮನೆಗೆ, 200 ಚದರ ಮೀಟರ್ ತನಕ, ನೂರಕ್ಕೆ 30 ರಿಯಾಯಿತಿ ಕೊಡುತ್ತದೆ. ಮುಂಬೈಯಲ್ಲಿ 500 ಚದರಡಿಯೊಳಗಿನ ಮನೆಗಳಿಗೆ 2022ರ ಜನವರಿಯಿಂದ ಆಸ್ತಿ ತೆರಿಗೆಯೇ ಇಲ್ಲ. ನಮ್ಮ ಬೆಂಗಳೂರಿನಲ್ಲಿ ವಯಸ್ಸಾದವರಿಗೆಂದು ಇಂಥದ್ದು ಇಲ್ಲ.

ಹಾಗೆಂದು ವಯಸ್ಸು ನೋಡಿ ರಿಯಾಯಿತಿ ಕೊಡಿ ಎಂದು ನಾನು ಕೇಳುವುದಿಲ್ಲ. ಜಯನಗರದಲ್ಲಿ ಮೂರು ಮಹಡಿ ಬಾಡಿಗೆಗೆ ಕೊಟ್ಟು ಒಂದರಲ್ಲಿ ವಾಸವಿರುವ ನಿವೃತ್ತರಿಗೂ 71 ಆಗಿರುತ್ತದೆ. ನೋಡಬೇಕಾದದ್ದು ಆದಾಯವನ್ನು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 1964ರಲ್ಲೇ ಕಡಿಮೆ ಆದಾಯದ ಹಿರಿಯರಿಗೆ ಮನೆ ತೆರಿಗೆಯ ಒಂದು ಭಾಗವನ್ನು ಹಿಂದಿರುಗಿಸುವ ಕ್ರಮ ತಂದಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 55 ದಾಟಿದವರು ತೆರಿಗೆಯನ್ನು ಮುಂದೂಡಬಹುದು. ಪ್ರಾಂತ್ಯದ ಸರ್ಕಾರವೇ ಊರಿಗೆ ಕಟ್ಟಿ, ಮುಂದೆಂದೋ ಮನೆ ಮಾರಾಟವಾದಾಗ ಅಥವಾ ವಾರಸುದಾರರಿಗೆ ಹೋದಾಗ ಬಡ್ಡಿ ಸೇರಿಸಿ ವಸೂಲು ಮಾಡಿಕೊಳ್ಳುತ್ತದೆ. ನಿಮ್ಮಂಥವರಿಗೆ ಇದು ಚೆನ್ನಾಗಿ ಹೊಂದುತ್ತದೆ ಎಂದು ನನಗನ್ನಿಸುತ್ತದೆ. ಮನೆಯ ಬೆಲೆ ನಿಜವಾಗಿ ದುಡ್ಡಾಗುವುದು ಮಾರಿದ ದಿನ ಮಾತ್ರ. ಆ ದಿನ ಕೇಳಿದರೆ ಊರಿಗೂ ನಷ್ಟವಿಲ್ಲ, ಮುದುಕರ ಮಾತ್ರೆಯ ದುಡ್ಡಿಗೂ ಕೈ ಬೀಳುವುದಿಲ್ಲ. 2024ರಲ್ಲಿ ಬೆಂಗಳೂರಿನ ಕಂದಾಯವನ್ನು ನೇರವಾಗಿ ಮಾರ್ಗಸೂಚಿ ಬೆಲೆಗೆ ಕಟ್ಟುವ ಪ್ರಸ್ತಾಪ ಬಂದು, ವಿರೋಧದಿಂದ ತಡೆಹಿಡಿಯಲಾಯಿತು. ಅದು ಮತ್ತೆ ಬಂದರೆ, ಮುಂದೂಡುವ ಅವಕಾಶವಿಲ್ಲದೆ ಬರಕೂಡದು.

ಇನ್ನೊಂದು ಮಾತು. ಅದನ್ನು ಹೇಳದೆ ಬಿಟ್ಟರೆ ನಿಮಗೆ ಪೂರ್ತಿ ಉತ್ತರ ಕೊಟ್ಟಂತಾಗದು. ಕಸದ ಶುಲ್ಕ ಬಿಟ್ಟರೆ, ನಿಮ್ಮ ಕಂದಾಯದ ದರ 2016ರ ಏರಿಕೆಯ ಬಳಿಕ ದೊಡ್ಡದಾಗಿ ಬದಲಾಗಿಲ್ಲ. ಅಲುಗಾಡದೆ ನಿಂತಿರುವುದು ನಿಮ್ಮ ಪಿಂಚಣಿ. ಇಪಿಎಸ್‌ಗೆ ತುಟ್ಟಿಭತ್ಯೆ ಇಲ್ಲ. ಕನಿಷ್ಠ ಪಿಂಚಣಿ ಎಂದು 2014ರ ಸೆಪ್ಟೆಂಬರಿನಲ್ಲಿ ನಿಗದಿಯಾದದ್ದು ತಿಂಗಳಿಗೆ 1,000 ರೂಪಾಯಿ. ನೀವು ಕೋಪಗೊಂಡಿರುವುದು ಕಂದಾಯದ ರಸೀದಿಯ ಮೇಲೆ. ಅದಕ್ಕಿಂತ ಹೆಚ್ಚಿನ ಕೋಪಕ್ಕೆ ಯೋಗ್ಯವಾದದ್ದು ಈ ಪಿಂಚಣಿ. ವರ್ಷಗಟ್ಟಲೆ ಲೇಥಿನ ಮುಂದೆ ನಿಂತವರಿಗೆ 2,140 ಎನ್ನುವುದು ನಾಚಿಕೆಗೇಡು, ಮತ್ತು ಆ ನಾಚಿಕೆ ನಿಮ್ಮದಲ್ಲ. ಇಪಿಎಸ್ ಪಿಂಚಣಿದಾರರ ಸಂಘಗಳು ಕನಿಷ್ಠ ಮೊತ್ತ ಏರಿಸಿ ಎಂದು ವರ್ಷಗಳಿಂದ ಹೋರಾಡುತ್ತಿವೆ, ನಿಮ್ಮ ಭಾಗದವರ ಸಭೆಗೆ ಹೋಗಿ ಬನ್ನಿ. ಕಂದಾಯದ ವಿಷಯ ಕಾರ್ಪೊರೇಷನ್ನಿನದು. 2020ರ ಸೆಪ್ಟೆಂಬರಿನಲ್ಲಿ ಹಿಂದಿನ ಕಾರ್ಪೊರೇಟರುಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಈ ಊರಲ್ಲಿ ಇಂಥದ್ದನ್ನು ಕೇಳಲು ಚುನಾಯಿತರೇ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಮತ ಕೇಳಲು ಬಂದವರನ್ನು, ಕಡಿಮೆ ಪಿಂಚಣಿಯವರ ಕಂದಾಯ ಮುಂದೂಡುತ್ತೀರಾ ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳಿ.

ಕೊನೆಗೆ ಮಗನ ಮಾತು. ಅವನ ಮನಸ್ಸಿನಲ್ಲಿ ಕೆಟ್ಟದ್ದಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಮನೆ ಯಾರ ಹೆಸರಲ್ಲಿದ್ದರೂ ಕಂದಾಯ ಅಷ್ಟೇ, ಹೆಸರು ಬದಲಾಯಿಸಿದರೆ ಒಂದು ರೂಪಾಯಿಯೂ ಇಳಿಯದು. ಅವನು ಮಹಡಿಯಲ್ಲಿ ಬಾಡಿಗೆಯಿಲ್ಲದೆ ಇದ್ದಾನೆ. ವರ್ಷದ ಕಂದಾಯ ಕಟ್ಟಲು ಅವನಿಗೆ ದಾನಪತ್ರ ಬೇಕಾಗಿಲ್ಲ. ‘ಮಗಾ, ಮನೆ ನನ್ನ ಹೆಸರಲ್ಲೇ ಇರಲಿ, ಈ ಏಪ್ರಿಲ್‌ನಿಂದ ಕಂದಾಯ ನೀನು ಕಟ್ಟು’ ಎಂದು ಹೇಳಿ ನೋಡಿ. ಅದನ್ನು ಕೇಳಲು ಸಂಕೋಚ ಬೇಡ. 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನಂತೆ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ಮುಂದೆ ಹೋಗಿ ರದ್ದು ಮಾಡಿಸಬಹುದು ನಿಜ. ಆದರೆ ಅಂಥ ಷರತ್ತು ಇತ್ತು ಎಂದು ತೋರಿಸಬೇಕಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಹಿರಿಯರ ಪರವಾಗಿ ಕಾಯಿದೆಯನ್ನು ಉದಾರವಾಗಿ ಓದಬೇಕು ಎಂದಿದೆ. ಎರಡೂ ಪ್ರಕರಣಗಳಲ್ಲಿ ಹೆತ್ತವರು ಕೋರ್ಟಿನ ತನಕ ಹೋಗಬೇಕಾಯಿತು. 2,600 ರೂಪಾಯಿಗೆ ಆ ದಾರಿಗೆ ಇಳಿಯಬೇಡಿ. ಮಗನಿಗೇ ಕೊಡಬೇಕೆಂದಿದ್ದರೆ ವಿಲ್ ಬರೆಯಿರಿ, ಬೇಕೆಂದಾಗ ಬದಲಿಸಬಹುದು.

ವಿಲ್ ಬರೆಯುವ ಮುಂಚೆ ನಿಮ್ಮ ಮನೆಯವರ ಜೊತೆ ಕೂತು ಮಾತಾಡಿ. ನಿಮ್ಮ ಪತ್ರದಲ್ಲಿ ಅವರ ಮಾತ್ರೆಗಳ ವಿಷಯ ಇದೆ, ಅವರ ಅಭಿಪ್ರಾಯ ಇಲ್ಲ. ನಿಮ್ಮ ನಂತರ ಇಪಿಎಸ್‌ನಿಂದ ಅವರಿಗೆ ಬರುವುದು ನಿಮ್ಮ ಪಿಂಚಣಿಯ ಅರ್ಧ, ತಿಂಗಳಿಗೆ 1,070 ರೂಪಾಯಿ. ಅವರು ಬದುಕಿರುವ ತನಕ ಆ ಮನೆಯ ಕೆಳಗಿನ ಅಂತಸ್ತಿನಲ್ಲಿ ಇರುವ ಹಕ್ಕು ಅವರದು, ಅಷ್ಟು ಕಾಲದ ಕಂದಾಯ ಮನೆ ಪಡೆಯುವವರದು ಎಂದು ವಿಲ್‌ನಲ್ಲಿ ಸ್ಪಷ್ಟವಾಗಿ ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ ಕೇಳಿ. ಫಾರಂ 5 ತುಂಬಲು ಜೊತೆಗೆ ಯಾರಾದರೂ ಬೇಕಿದ್ದರೆ ಹಿರಿಯರ ಸಹಾಯವಾಣಿ 14567ರಲ್ಲಿ ವಿಚಾರಿಸಿ. ಏಪ್ರಿಲ್ ಬರುವ ಮುಂಚೆಯೇ ಈ ಎರಡೂ ಕಡೆ ವಿಚಾರಿಸಿಕೊಳ್ಳಿ.